ರಿವಾಲ್ವರಿಗೆ ಚರ್ಮದ ಚೀಲವೋ, ಚಕ್ಕುಲಿ ಡಬ್ಬಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಬ್ಬಿಗೆ. ಮುಚ್ಚಳದ ಅಂಚಿಗೆ ರಬ್ಬರ್ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಮಾಮೂಲಿ ಪ್ಲಾಸ್ಟಿಕ್ ಡಬ್ಬಿ, ಬೆಲೆ 350 ರೂಪಾಯಿ. ಎದುರಾಳಿ, 2,800 ಕೊಟ್ಟು ಬೆಂಗಳೂರಿನಿಂದ ತಂದ ಚರ್ಮದ ಹೋಲ್ಸ್ಟರ್. ನೋಡೋಕೆ ಹೋಲ್ಸ್ಟರ್ ಚೆನ್ನ. ಆದರೆ ಈ ಬರಹ ನೋಡುವುದರ ಬಗ್ಗೆ ಅಲ್ಲ, ತುಕ್ಕಿನ ಬಗ್ಗೆ.

ನನ್ನ ಹತ್ತಿರ ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಕೊಕ್ಕೆ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುವ, ಬ್ರಿಟಿಷ್ ಕಂಪನಿ ವೆಬ್ಲಿಯ ಹಳೇ ಮಾದರಿ. ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ. ಶನಿವಾರದ ಬಟವಾಡೆಗೆ ಬ್ಯಾಂಕಿನಿಂದ ನಗದು ತರುತ್ತಿದ್ದ ಕಾಲದಲ್ಲಿ ಅಪ್ಪ ತೆಗೆದುಕೊಂಡದ್ದು. ಅವರು ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಆನೆ ಬಂದರೆ ಇದರಿಂದ ಏನು ಮಾಡ್ತೀರಿ ಅಂತ ಕೇಳುವವರು ಇದ್ದಾರೆ. ಏನೂ ಮಾಡೋಕಾಗಲ್ಲ, ಓಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಚುನಾವಣೆ ಬಂದರೆ ನಮ್ಮಂಥ ಲೈಸೆನ್ಸ್‌ದಾರರು ಆಯುಧವನ್ನು ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕು. 2023ರ ವಿಧಾನಸಭೆ ಚುನಾವಣೆಗೆ ಕೊಟ್ಟಾಗ ನನ್ನ ಹತ್ತಿರ ಹೋಲ್ಸ್ಟರ್ ಇರಲಿಲ್ಲ. ಎಣ್ಣೆ ಸವರಿ, ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಮನೆಯಲ್ಲಿ ಸಿಕ್ಕಿದ ಚಕ್ಕುಲಿ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಠಾಣೆಯ ಲೆಕ್ಕ ಬರೆಯುವ ರೈಟರ್ ನೋಡಿ, "ಏನ್ ಸಾರ್, ತಿಂಡಿ ತಂದಿದೀರಾ?" ಅಂದರು. ವಾಪಸ್ ಬಂದಾಗ ಕೊಟ್ಟ ಹಾಗೇ ಇತ್ತು.

ಆ ತಿಂಡಿ ಮಾತು ಮನಸ್ಸಿಗೆ ನಾಟಿರಬೇಕು. ಆ ವರ್ಷವೇ ಹೋಲ್ಸ್ಟರ್ ತಂದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಈ ಸಲ ಹೊಸ ಹೋಲ್ಸ್ಟರಿನಲ್ಲೇ ಇಟ್ಟು, ಅದರ ಬೆಲ್ಟಿನ ಕುಣಿಕೆಗಳಲ್ಲಿ ತೋಟಾ ಸಿಕ್ಕಿಸಿ, ಗತ್ತಾಗಿ ಒಪ್ಪಿಸಿ ಬಂದೆ. ಮತದಾನ ಏಪ್ರಿಲ್ 26ಕ್ಕೆ ಮುಗಿದರೂ ಎಣಿಕೆ ಜೂನ್ 4ಕ್ಕೆ. ಕೈಗೆ ಬಂದಾಗ ಮೃಗಶಿರ ಮಳೆ ಹಿಡಿದುಕೊಂಡಿತ್ತು.

ಮನೆಗೆ ತಂದು ಗುಂಡಿ ಬಿಚ್ಚಿದೆ. ಚರ್ಮದ ಮೇಲೆ ಬೂದು ಬಣ್ಣದ ಬೂಷ್ಟು. ತೋಟಾಗಳ ಹಿತ್ತಾಳೆ ಕುಣಿಕೆಗೆ ತಾಗಿದ ಕಡೆಯಲ್ಲೆಲ್ಲ ಹಸಿರು ಕಿಲುಬು. ರಿವಾಲ್ವರ್ ಹೊರಗೆಳೆದರೆ ನಳಿಗೆಯ ಎಡಮಗ್ಗುಲು, ಚರ್ಮಕ್ಕೆ ಒತ್ತಿಕೊಂಡಿದ್ದ ಭಾಗ, ಸಣ್ಣ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿ. ತೋಟಾ ಕೂರುವ ಸಿಲಿಂಡರ್ ಮೇಲೆ ಮಾತ್ರ ಒಂದೇ ಕಲೆ. ಬೆಳಕಿಗೆ ಹಿಡಿದು ನೋಡಿದೆ. ಗೆರೆ ಗೆರೆಯಾಗಿ, ಸುಳಿ ಸಮೇತ, ನನ್ನದೇ ಹೆಬ್ಬೆಟ್ಟು! ಮಾರ್ಚ್ ಸೆಕೆಯಲ್ಲಿ ಬೆವರು ಕೈಯಲ್ಲಿ ಹಿಡಿದು ಒಳಗೆ ತಳ್ಳಿದ್ದೆ, ಬೆವರಿನ ಉಪ್ಪು ಮೂರು ತಿಂಗಳು ಕೂತು ಸಹಿ ಹಾಕಿತ್ತು.

ಠಾಣೆಯವರ ತಪ್ಪಿಲ್ಲ. ಚರ್ಮದ ಗುಣವೇ ಹಾಗೆ. ಗಾಳಿಯ ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಬಳಸಿದ ಆಮ್ಲ, ಉಪ್ಪಿನ ಅಂಶ ಅದರಲ್ಲೇ ಉಳಿದಿರುತ್ತದೆ, ಸವರಿದ ಎಣ್ಣೆಯನ್ನೂ ಹೀರಿಬಿಡುತ್ತದೆ. ಕಬ್ಬಿಣವನ್ನು ಒದ್ದೆ ಸ್ಪಂಜಿನಲ್ಲಿ ಸುತ್ತಿಟ್ಟ ಲೆಕ್ಕ. ನ್ಯಾಯವಾಗಿ ಹೇಳಬೇಕೆಂದರೆ ಎರಡು ವರ್ಷದ ಪರೀಕ್ಷೆ ಸಮವಲ್ಲ. 2023ರಲ್ಲಿ ಮೇ 13ಕ್ಕೇ ಫಲಿತಾಂಶ ಬಂದು ಮಳೆಗೆ ಮೊದಲೇ ವಾಪಸ್ ಸಿಕ್ಕಿತ್ತು, ಎಣ್ಣೆ ಬಟ್ಟೆಯೂ ಇತ್ತು. ಅದಕ್ಕೇ 2024ರ ಮಳೆಗಾಲ ಪೂರ್ತಿ, ಆರಿದ್ರಾದಿಂದ ಮಘೆಯವರೆಗೆ, ಮನೆಯಲ್ಲೇ ಡಬ್ಬಿಯಲ್ಲಿಟ್ಟು ನೋಡಿದೆ. ಹೊಸ ಚುಕ್ಕಿ ಒಂದೂ ಬರಲಿಲ್ಲ.

ಡಬ್ಬಿಗೂ ತನ್ನದೇ ರಗಳೆ ಇದೆ. ಒಳಗೆ ಸಿಲಿಕಾ ಜೆಲ್ ಬೇಕು. ನೀಲಿ ಹರಳು ತೇವ ಕುಡಿದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಾಯಿಸಿ ಒಣಗಿಸಬೇಕು. ಬಿಸಿಲು ಎಲ್ಲಿಂದ ತರೋಣ? ಮೊದಲ ಸಲ ದೋಸೆ ಕಾವಲಿಗೆ ಸುರಿಯಲು ಹೋಗಿ ಹೆಂಡತಿಯ ಕೈಗೆ ಸಿಕ್ಕಿಬಿದ್ದೆ. "ರೀ, ಅದರಲ್ಲಿ ನಾಳೆ ನೀವೇ ದೋಸೆ ತಿನ್ಬೇಕು" ಅಂದಳು. ಅವಳು ಹೇಳಿದ್ದು ಸರಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಈಗ ಅದಕ್ಕೇ ಬೇರೆ ತಗಡಿನ ತಟ್ಟೆ ಇಟ್ಟಿದ್ದೇನೆ, ಬಚ್ಚಲ ಒಲೆಯಲ್ಲಿ ಹಂಡೆ ಕಾದ ಮೇಲೆ ಉಳಿಯುವ ಕಾವು ಸಾಕು. ಬಣ್ಣ ಇಲ್ಲದ ಬಿಳಿ ಹರಳೂ ಸಿಗುತ್ತದೆ, ಆದರೆ ತೇವ ಕುಡಿದದ್ದು ಗೊತ್ತಾಗುವುದಿಲ್ಲ. ಹುರಿದ ಅಕ್ಕಿಯ ಗಂಟು ಇಟ್ಟೂ ನೋಡಿದೆ, ನುಸಿ ಬಂತು.

ಇನ್ನೊಂದು ಮಾತು. ಮಳೆಯಲ್ಲಿ ತಿರುಗಿ ಬಂದು ಒರೆಸದೆ ಡಬ್ಬಿಗೆ ಹಾಕಿದರೆ ನೀರನ್ನೇ ಒಳಗೆ ಬಂಧಿಸಿಟ್ಟ ಹಾಗೆ. ಆಗಸ್ಟಿನಲ್ಲಿ ಒಂದು ರಾತ್ರಿ ಸುಸ್ತಾಗಿ ಹಾಗೇ ಮಾಡಿದ್ದೆ, ಎರಡೇ ದಿನಕ್ಕೆ ಹರಳೆಲ್ಲ ಗುಲಾಬಿ. ಡಬ್ಬಿ ಇರುವುದು ಬೀರುವಿನೊಳಗೆ, ಬೀಗದಲ್ಲಿ. ತೋಟಾ ಇನ್ನೊಂದು ಕೋಣೆಯಲ್ಲಿ, ಇನ್ನೊಂದು ಬೀಗದಲ್ಲಿ. ಒರೆಸಲು ಕೂರುವ ಮೊದಲು ತೆರೆದು ಸಿಲಿಂಡರಿನ ಆರೂ ಮನೆ ಖಾಲಿ ಇವೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡುತ್ತೇನೆ.

ಎಣ್ಣೆ ವಿಷಯ. ಅಪ್ಪ ಜೀವನಪೂರ್ತಿ ಕೊಬ್ಬರಿ ಎಣ್ಣೆ ಹಾಕಿದರು. ಅವರ ಜೋಡುನಳಿಗೆ ಕೋವಿಗೆ ಏನೂ ಆಗಲಿಲ್ಲ, ದಿನವೂ ಒರೆಸುತ್ತಿದ್ದರು. ನಾನು ರಿವಾಲ್ವರಿನ ಒಳಗೂ ನಾಲ್ಕು ಹನಿ ಬಿಟ್ಟೆ. ಡಿಸೆಂಬರ್ ಬೆಳಿಗ್ಗೆ ತೆಗೆದರೆ, ತೋಟಾಕ್ಕೆ ಬಡಿಯುವ ಕುದುರೆ ನಿದ್ದೆಯಿಂದ ಏಳುವವರ ಹಾಗೆ ಎದ್ದಿತು! ಕೊಬ್ಬರಿ ಎಣ್ಣೆ 25 ಡಿಗ್ರಿಗಿಂತ ಕೆಳಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ, ನಮ್ಮ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಹಳತಾದರೆ ಅಂಟೂ ಆಗುತ್ತದೆ. ಕೋವಿ ಅಂಗಡಿಯ ವಿದೇಶಿ ಎಣ್ಣೆ ಒಳ್ಳೆಯದೇ, ಪುಟ್ಟ ಬಾಟಲಿಗೆ 900 ರೂಪಾಯಿ, ತಿಂಗಳಿಗೊಮ್ಮೆ ಹಾಕಿದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ತೊಳೆಯಲು ಸರಿ, ಕಾಯಲು ಅಲ್ಲ. ತೋಟಾದ ಹತ್ತಿರವಂತೂ ಬೇಡ, ಅದರ ಹಿಂಬದಿಯ ಕಿಡಿ ಹೊತ್ತಿಸುವ ಕೇಪಿನೊಳಗೆ ಇಳಿದರೆ ಸಿಡಿಯದೇ ಹೋಗಬಹುದು. ನಾನು ನಿಂತದ್ದು ಹೆಂಡತಿಯ ಹೊಲಿಗೆ ಮೆಷಿನ್ನಿನ ಎಣ್ಣೆಗೆ. 40 ರೂಪಾಯಿ. ತೆಳು, ಬೇಗ ಜಾರಿಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಮತ್ತೆ ಸವರಬೇಕು. ಭಾನುವಾರ ರೇಡಿಯೋ ಹಾಕಿಕೊಂಡು ಏನಾದರೂ ಒರೆಸುತ್ತಾ ಕೂರುವ ಅಭ್ಯಾಸ ನನಗಿದೆ, ಹೊಂದುತ್ತದೆ. ಇಲ್ಲದವರು 900 ಕೊಡುವುದೇ ಸರಿ.

ಹಿಡಿಕೆ ಬದಲಿಸಿದ್ದು ಮಾತ್ರ ನಿಜವಾದ ಸುಧಾರಣೆ. ಮೊದಲಿದ್ದ ಪ್ಲಾಸ್ಟಿಕ್ ಪಟ್ಟಿ ಒದ್ದೆ ಕೈಗೆ ಜಾರುತ್ತಿತ್ತು. ರಿವಾಲ್ವರನ್ನೇ ಮರಗೆಲಸದ ಆಚಾರ್ ಮನೆಗೆ ಒಯ್ದು ಬಿಟ್ಟುಬರುವ ಹಾಗಿಲ್ಲ, ಲೈಸೆನ್ಸ್ ಇಲ್ಲದವರ ಕೈಗೆ ಕೊಡುವುದೇ ಅಪರಾಧ. ಪಟ್ಟಿ ಎರಡನ್ನೂ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋದೆ. ಅಜ್ಜನ ಮಂಚದ ಮುರಿದ ಬೀಟೆ ಕಾಲಿನಿಂದ ಅದೇ ಅಳತೆಗೆ ಕೊರೆದು, ಸಣ್ಣಗೆ ಗೀರು ಹಾಕಿ ಕೊಟ್ಟರು. ತಿರುಪಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿತ್ತು, ಮೂರು ಸಲ ಓಡಾಡಿದೆ.

ಟ್ರಿಗರ್ ಬಿಗಿ ಎಂದು ಸ್ಪ್ರಿಂಗ್ ಸವೆಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪಕ್ಕದ ತೋಟದ ಸ್ನೇಹಿತರೊಬ್ಬರು ಯಾರದೋ ಕೈಯಲ್ಲಿ ಮಾಡಿಸಿದರು. ಗುಂಡು ಹಾರಿಸುವ ರೇಂಜಿನಲ್ಲಿ ಆರು ತೋಟಾದಲ್ಲಿ ಎರಡು ಸಿಡಿಯಲೇ ಇಲ್ಲ, ಕೇಪಿನ ಮೇಲೆ ಇರುವೆ ಕಚ್ಚಿದಷ್ಟು ಗುರುತು. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು. ಒರೆಸುವುದು, ಎಣ್ಣೆ ಹಾಕುವುದು ನಮ್ಮ ಕೆಲಸ, ಒಳಗಿನದು ಅಂಗಡಿಯವರದು.

ಹೋಲ್ಸ್ಟರ್ ಮಾರಿಲ್ಲ. ಹೊರಗೆ ಹೋಗುವಾಗ ಸೊಂಟಕ್ಕೆ ಅದೇ, ಅಲ್ಲಿ ಡಬ್ಬಿ ಕಟ್ಟಿಕೊಳ್ಳಲಾಗುವುದಿಲ್ಲವಲ್ಲ. ಬಂದ ಕೂಡಲೇ ಖಾಲಿ ಮಾಡಿ ಬಚ್ಚಲ ಒಲೆಯ ಪಕ್ಕದ ಮೊಳೆಗೆ ನೇತುಹಾಕುತ್ತೇನೆ. ನಳಿಗೆಯ ಚುಕ್ಕಿಗಳನ್ನು ಎಣ್ಣೆ ಹಚ್ಚಿ ಉಜ್ಜಿ ಮಂಕು ಮಾಡಿದ್ದೇನೆ. ಸಿಲಿಂಡರ್ ಮೇಲಿನ ಹೆಬ್ಬೆಟ್ಟು ಮಾತ್ರ ಹೋಗಲಿಲ್ಲ. ಮುಂದಿನ ಡಿಪಾಸಿಟ್ಟಿಗೆ ಚಕ್ಕುಲಿ ಡಬ್ಬಿಯಲ್ಲೇ ಕೊಡುತ್ತೇನೆ, ರೈಟರ್ ಏನು ಬೇಕಾದರೂ ಅನ್ನಲಿ.