ಸಾಕ್ಷರತೆಯ ಅಂಕಿಗಳಿಗೆ ಬಣ್ಣದ ನಕ್ಷೆಯೋ, ಚುಕ್ಕಿ ಚಾರ್ಟೋ?

ದತ್ತಾಂಶವನ್ನು ಚಿತ್ರವಾಗಿಸುವ ವಿದ್ಯೆಯನ್ನು ಕಲಿಯಲು ಹೊರಟ ನಾನು, 2011ರ ಜನಗಣತಿಯಲ್ಲಿ ಕರ್ನಾಟಕದ ಅಂದಿನ 30 ಜಿಲ್ಲೆಗಳ ಸಾಕ್ಷರತೆಯ ಪ್ರಮಾಣವನ್ನು ಬಣ್ಣದ ನಕ್ಷೆ, ಸ್ತಂಭಾಲೇಖ ಮತ್ತು ಚುಕ್ಕಿ ಚಾರ್ಟ್ (ಪ್ರತಿ ಜಿಲ್ಲೆಯ ಪ್ರಮಾಣವನ್ನು ಅಳತೆಗೋಲಿನ ಮೇಲೆ ಒಂದು ಚುಕ್ಕಿಯಾಗಿ ಗುರುತಿಸುವ ಚಿತ್ರ) ಎಂಬ ಮೂರು ಬಗೆಯಲ್ಲಿ ಬರೆದು ನೋಡಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಅತ್ತಿಗೆಗೆ ಮೊದಲು ನಕ್ಷೆಯನ್ನು ತೋರಿಸಿ, ಅದು ಚೆನ್ನಾಗಿದೆಯೇ ಎಂದು ಕೇಳುವ ಬದಲು ಅದರಿಂದ ಏನು ತಿಳಿಯಿತು ಎಂದು ಕೇಳಿದೆ.

ಕಲ್ಯಾಣ ಕರ್ನಾಟಕದ ಹೆಚ್ಚಿನ ಭಾಗ ತಿಳಿಬಣ್ಣದಲ್ಲಿದೆ, ಕರಾವಳಿ ಗಾಢವಾಗಿದೆ ಎಂಬುದನ್ನು ಅವರು ಕ್ಷಣದಲ್ಲೇ ಹೇಳಿದರು. ಆದರೆ ರಾಯಚೂರಿಗೂ ಯಾದಗಿರಿಗೂ ಎಷ್ಟು ಅಂತರ ಎಂದಾಗ, "ಎರಡೂ ಒಂದೇ ಬಣ್ಣ ತಾನೇ, ಅಂತರ ಎಲ್ಲಿದೆ?" ಎಂದರು. ತಪ್ಪು ಅವರದಲ್ಲ. ನಾನು 50-60, 60-70 ಎಂದು ಹತ್ತು ಹತ್ತರ ಗುಂಪು ಮಾಡಿ ಗುಂಪಿಗೊಂದು ಬಣ್ಣ ಕೊಟ್ಟಿದ್ದರಿಂದ ಶೇ. 51.83ರ ಯಾದಗಿರಿಯೂ ಶೇ. 59.56ರ ರಾಯಚೂರೂ ಒಂದೇ ಬಣ್ಣ ಪಡೆದಿದ್ದವು, ರಾಯಚೂರಿಗಿಂತ ಎರಡು ಅಂಶವೂ ಮುಂದಿಲ್ಲದ ಚಾಮರಾಜನಗರ (ಶೇ. 61.43) ಮಾತ್ರ ಬೇರೆ ಬಣ್ಣಕ್ಕೆ ಜಿಗಿದಿತ್ತು. ಇದರ ಮೇಲೆ, ಸುಮಾರು 96 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗಿಂತ 12 ಲಕ್ಷವೂ ಇಲ್ಲದ ಯಾದಗಿರಿ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿದಿತ್ತು.

ಸ್ತಂಭಾಲೇಖದಲ್ಲಿ ಎಡವಿದವನು ನಾನೇ. ವ್ಯತ್ಯಾಸ ಎದ್ದು ಕಾಣಲೆಂದು ಅಕ್ಷವನ್ನು 50ರಿಂದ ಆರಂಭಿಸಿದೆ, ಶೇ. 88.57ರ ದಕ್ಷಿಣ ಕನ್ನಡದ ಕಂಬ ಯಾದಗಿರಿಯದರ 21 ಪಟ್ಟು ಎತ್ತರವಾಯಿತು. ಸೊನ್ನೆಯಿಂದ ಬರೆದರೆ ಅದು ಎರಡು ಪಟ್ಟೂ ಆಗದು.

ಚುಕ್ಕಿಯಲ್ಲಿ ಕಣ್ಣು ಓದುವುದು ಉದ್ದವನ್ನಲ್ಲ, ಸ್ಥಾನವನ್ನು. ಆದ್ದರಿಂದ ಅಲ್ಲಿ 50ರಿಂದ ತೊಡಗಿದರೂ ಮೋಸವಿಲ್ಲ. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಜನ ಅತಿ ನಿಖರವಾಗಿ ಓದುತ್ತಾರೆಂದು ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಮೊದಲು ಅಕಾರಾದಿಯಾಗಿ ಜೋಡಿಸಿದ್ದರಿಂದ ಯಾದಗಿರಿ ಮೈಸೂರು ಮತ್ತು ರಾಮನಗರಗಳ ನಡುವೆ ಸಿಕ್ಕಿಕೊಂಡಿತ್ತು. ಪ್ರಮಾಣದ ಕ್ರಮಕ್ಕೆ ಬದಲಿಸಿದ ಮೇಲೆ ಚಿತ್ರ ತಿಳಿಯಾಯಿತು. ಒಬ್ಬರಿಗೇ ಎಲ್ಲವನ್ನೂ ತೋರಿಸಿದರೆ ಮೊದಲಿನ ನೆನಪು ಉತ್ತರದಲ್ಲಿ ಬೆರೆಯುತ್ತದೆಂದು, ಇದನ್ನು ನಕ್ಷೆ ನೋಡಿರದ, ಅತ್ತಿಗೆಯ ಸಹೋದ್ಯೋಗಿಗೆ ಕೊಟ್ಟೆ. ರಾಯಚೂರು, ಯಾದಗಿರಿಗಳ ಅಂತರ "ಸುಮಾರು ಎಂಟು" ಎಂದು ಅವರು ತಡವರಿಸದೆ ಹೇಳಿದರು. ಆದರೆ ಹಿಂದುಳಿದ ಜಿಲ್ಲೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಇವೆ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ.

ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ಚುಕ್ಕಿ ಚಾರ್ಟೇ. ಆದರೂ ಈಗ ಕಲ್ಯಾಣ ಕರ್ನಾಟಕದ ಚುಕ್ಕಿಗಳಿಗೆ ಮಾತ್ರ ಬೇರೆ ಬಣ್ಣ ಕೊಡುತ್ತಿದ್ದೇನೆ. ಮೊಬೈಲಿನಲ್ಲಿ 30 ಹೆಸರುಗಳನ್ನು ಓದಲು ಅತ್ತಿಗೆ ಕನ್ನಡಕ ಹುಡುಕಬೇಕಾಗುತ್ತದೆ. ಆ ತೊಡಕನ್ನು ಇನ್ನೂ ಬಗೆಹರಿಸಿಲ್ಲ.