ಟೈಲ್ಸ್ ಹಾಕುವ ಮುಂಚೆ ಬಚ್ಚಲಲ್ಲಿ ನೀರು ನಿಲ್ಲಿಸಿ ನೋಡಿ

ಹಳೇ ಮನೆಯ ಬಚ್ಚಲನ್ನು ತಾವೇ ಒಡೆದು ಹೊಸದು ಮಾಡಿಕೊಳ್ಳೋಣ ಅಂತ ಹೊರಟಿರುವವರು, ಅದರಲ್ಲೂ ಮೊದಲ ಮಹಡಿಯ ಬಚ್ಚಲಾದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ದಸರಾ ಸಮಯದಲ್ಲಿ ನಮ್ಮ ಮನೆಯಲ್ಲಿ ಅಮ್ಮನಿಗೆ ಕರೆಂಟು ಹೊಡೆಯಿತು. ಅದಕ್ಕೆ ಕಾರಣ ಯುಗಾದಿ ಕಳೆದ ಮೇಲೆ ನಾನು ಮಾಡಿದ ಟೈಲ್ಸ್ ಕೆಲಸ.

ಮನೆ ಇರೋದು ಮೈಸೂರಿನ ಕುವೆಂಪುನಗರದಲ್ಲಿ, ಅಪ್ಪ 1988ರಲ್ಲಿ ಕಟ್ಟಿಸಿದ್ದು. ಮೇಲಿನ ಬಚ್ಚಲಿಗೆ ಆಗಿನ ಕಾಲದ ಮೊಸಾಯಿಕ್ ನೆಲ, ಕಬ್ಬಿಣದ ಜಿ.ಐ. ಪೈಪು. ಪೈಪಿನೊಳಗೆ ತುಕ್ಕು ಕಟ್ಟಿ ಒಂದು ಬಕೆಟ್ ತುಂಬಲು ಹತ್ತು ನಿಮಿಷ ಬೇಕಾಗುತ್ತಿತ್ತು. ಬದಲಾಯಿಸಲೇಬೇಕಿತ್ತು. ಮೇಸ್ತ್ರಿ ಬರೀ ಕೂಲಿಗೇ 22 ಸಾವಿರ ಕೇಳಿದರು. ಮೋಟಾರ್ ಫಿಟ್ಟಿಂಗು, ನಲ್ಲಿ ರಿಪೇರಿ, ಸಣ್ಣಪುಟ್ಟ ಗಾರೆ ಕೆಲಸ ಎಲ್ಲ ನಾನೇ ಮಾಡಿಕೊಂಡು ಬಂದವನು. ನಾಲ್ಕಾರು ವಿಡಿಯೋ ನೋಡಿ, ನೆಲ ಒಡೆಯುವ ಬ್ರೇಕರ್ ಮಷೀನ್ ಬಾಡಿಗೆಗೆ ತಂದು, ಒಂಬತ್ತು ದಿನದಲ್ಲಿ ಕೆಲಸ ಮುಗಿಸಿದೆ. ನೋಡೋಕೆ ಚೆನ್ನಾಗಿಯೇ ಬಂದಿತ್ತು. ಬಂದವರಿಗೆಲ್ಲ ಮೇಲೆ ಕರೆದುಕೊಂಡು ಹೋಗಿ ತೋರಿಸಿದ್ದೆ.

ನೆಲದ ಕೆಳಗೆ ಏನಿರುತ್ತದೆ ಅನ್ನೋದನ್ನು ಮೊದಲು ಹೇಳುತ್ತೇನೆ, ಅದು ಅರ್ಥವಾಗದೆ ಕೈ ಹಾಕಿದ್ದೇ ನನ್ನ ತಪ್ಪು. ಮಹಡಿಯ ಬಚ್ಚಲಿನ ಜಾಗದಲ್ಲಿ ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ ಹಾಕಿರುತ್ತಾರೆ. ಅದು ಒಂದು ತೊಟ್ಟಿ ಇದ್ದ ಹಾಗೆ. ಅದರೊಳಗೆ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಕಾಂಕ್ರೀಟು, ಅದರ ಮೇಲೆ ನೆಲ. ನಲವತ್ತು ವರ್ಷ ಹತ್ತಿರವಾದ ಮನೆಯಲ್ಲಿ ಬ್ರೇಕರ್ ಓಡಿಸಿದರೆ ಆ ಅದುರಿಗೆ ಗೋಡೆ ನೆಲ ಕೂಡುವ ಮೂಲೆಗಳು ಬಿಟ್ಟುಕೊಳ್ಳುತ್ತವೆ. ನಾನು ಇಟ್ಟಿಗೆ ಚೂರನ್ನು ಅರ್ಧ ಮಾತ್ರ ತೆಗೆದು, ಪೈಪು ಬದಲಾಯಿಸಿ, ಮತ್ತೆ ತುಂಬಿದೆ. ತೊಟ್ಟಿಯ ತಳ ನೋಡಲೇ ಇಲ್ಲ. ಆಮೇಲೆ ವಾಟರ್‌ಪ್ರೂಫಿಂಗ್ ಅಂತ ಒಂದು ಕೋಟು ಬಳಿದೆ. 'ಒಂದು ಕೋಟು ಸಾಕು ಸಾರ್' ಅಂತ ಅಂಗಡಿಯವರು ಹೇಳಿದ್ದರು, ನಾನು ಡಬ್ಬದ ಮೇಲೆ ಬರೆದಿದ್ದನ್ನು ಓದುವ ತಾಳ್ಮೆ ತೋರಲಿಲ್ಲ. ನೆಲದ ಧೂಳು ಸರಿಯಾಗಿ ಹೋಗಿರಲಿಲ್ಲ. ಗೋಡೆ ಮೇಲಕ್ಕೆ ಹತ್ತಿಸಲಿಲ್ಲ. ಮರುದಿನ ಬೆಳಿಗ್ಗೆಯೇ ಅದರ ಮೇಲೆ ಟೈಲ್ಸ್ ಕೂರಿಸಿದೆ.

ನಾಲ್ಕೈದು ತಿಂಗಳು ಏನೂ ಕಾಣಲಿಲ್ಲ. ಇದನ್ನು ಗಮನದಲ್ಲಿಡಿ, ಯಾಕೆಂದರೆ ಎಲ್ಲರೂ ಮೋಸ ಹೋಗೋದು ಇಲ್ಲೇ. ಟೈಲ್ಸ್ ಸಂದಿಯಿಂದ, ಮೂಲೆಯಿಂದ ಇಳಿದ ನೀರು ಮೊದಲು ಇಟ್ಟಿಗೆ ಚೂರಿಗೆ ಹೋಗುತ್ತದೆ. ಇಟ್ಟಿಗೆ ಎಷ್ಟು ನೀರು ಕುಡಿಯುತ್ತದೆ ಅಂತ ಗೋಡೆ ಕಟ್ಟಿದವರಿಗೆ ಗೊತ್ತು. ಕುಡಿದು ತಣಿದ ಮೇಲೆ ತೊಟ್ಟಿ ತುಂಬುತ್ತದೆ. ಆಮೇಲೆ ಸ್ಲ್ಯಾಬಿನಲ್ಲಿ ಎಲ್ಲಿ ದಾರಿ ಇದೆಯೋ ಅಲ್ಲಿ ಇಳಿಯುತ್ತದೆ. ಆ ದಾರಿ ಎಷ್ಟೋ ಸಲ ವೈರು ಹೋಗುವ ಪೈಪೇ ಆಗಿರುತ್ತದೆ.

ಗೌರಿ ಹಬ್ಬದ ಹೊತ್ತಿಗೆ ಕೆಳಗಿನ ಹಾಲ್‌ನ ಸೂರಿನಲ್ಲಿ ಅಂಗೈಯಗಲ ಕಲೆ ಬಂತು. ಮಳೆ ನೀರಿರಬೇಕು ಅಂತ ಬಣ್ಣ ಬಳಿದುಬಿಟ್ಟೆ. ನವರಾತ್ರಿಯ ಮೊದಲ ದಿನ ಅಮ್ಮ ಅದೇ ಹಾಲ್‌ನಲ್ಲಿ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸಿದ್ದರು. ಸಂಜೆ ನೋಡಿದರೆ ಪಟ್ಟದ ಗೊಂಬೆಯ ರಾಜನ ಪೇಟ ಒದ್ದೆಯಾಗಿ, ಅದರ ಕೆಂಪು ಬಣ್ಣ ಕೆಳಗಿನ ಬಿಳಿ ಬಟ್ಟೆಗೆ ಇಳಿದಿತ್ತು. ಆ ಜೋಡಿ ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟಿದ್ದು. ಗೊಂಬೆಯನ್ನು ಪಕ್ಕಕ್ಕೆ ಸರಿಸಿ, ಸೀರಿಯಲ್ ಸೆಟ್ ಹಾಕೋಣ ಅಂತ ಅಮ್ಮ ಸ್ವಿಚ್ ಬೋರ್ಡಿಗೆ ಕೈ ಚಾಚಿದರು. ಬೋರ್ಡಿನ ಸ್ಕ್ರೂ ಬೆರಳಿಗೆ ತಗುಲಿತು. ಅಮ್ಮ ಕೂಗಿದ್ದು ಮಹಡಿಯಲ್ಲಿದ್ದ ನನಗೆ ಕೇಳಿಸಿತು. ಓಡಿ ಬಂದರೆ ಗೋಡೆಗೆ ಒರಗಿ ಕೂತಿದ್ದರು, ಬಲಗೈ ನಡುಗುತ್ತಿತ್ತು. 'ಭುಜದವರೆಗೂ ಜುಮ್ ಅಂತು ಕಣೋ' ಅಂದರು. ಮೇಲಿನ ಮೆಟ್ಟಿಲು ಎಟುಕಲಿ ಅಂತ ಅವರು ಮರದ ಸ್ಟೂಲಿನ ಮೇಲೆ ನಿಂತಿದ್ದರು. ಬರೀ ಕಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ಏನಾಗುತ್ತಿತ್ತು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಅವತ್ತು ಮೇನ್ ಆಫ್ ಮಾಡಿದೆವು. ನಿಮ್ಮಲ್ಲಿ ಮೇನ್ ಸ್ವಿಚ್ಚೇ ಒದ್ದೆಯಾಗಿದ್ದರೆ ಅದನ್ನು ಮುಟ್ಟಲೇಬೇಡಿ, 1912ಕ್ಕೆ ಫೋನ್ ಮಾಡಿ ಕರೆಂಟು ತೆಗೆಸಿ. ಇನ್ನೊಂದು ವಿಷಯವೂ ಆಗಲೇ ಗೊತ್ತಾಗಿದ್ದು. ನಮ್ಮ ಮನೆಯಲ್ಲಿ ಎಂ.ಸಿ.ಬಿ. ಇತ್ತು, ಆರ್.ಸಿ.ಸಿ.ಬಿ. ಇರಲಿಲ್ಲ. ಎರಡೂ ತೊಂದರೆಯಾದಾಗ ತಾವಾಗೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚುಗಳು, ಹಾಗಾಗಿ ಎರಡೂ ಒಂದೇ ಅಂತ ನಾನು ತಿಳಿದಿದ್ದೆ. ಎಂ.ಸಿ.ಬಿ. ಬೀಳೋದು ಲೋಡು ಹೆಚ್ಚಾದಾಗ, ಶಾರ್ಟ್ ಆದಾಗ. 16 ಆಂಪಿಯರ್‌ನ ಎಂ.ಸಿ.ಬಿ.ಗೆ ಮನುಷ್ಯನ ಮೈಯೊಳಗೆ ಹರಿಯುವ ಕರೆಂಟು ಲೆಕ್ಕಕ್ಕೇ ಬರಲ್ಲ, ಆದರೆ ಅಷ್ಟೇ ಕರೆಂಟು ಪ್ರಾಣ ತೆಗೆಯುತ್ತದೆ. 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಹೋದ ಕರೆಂಟು ಪೂರ್ತಿ ವಾಪಸ್ ಬರುತ್ತಿದೆಯೇ ಅಂತ ನೋಡುತ್ತಾ ಇರುತ್ತದೆ. ಸ್ವಲ್ಪ ಬೇರೆ ಕಡೆ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಹಳೇ ಮನೆಯವರು ಬಚ್ಚಲಿಗಿಂತ ಮುಂಚೆ ಇದನ್ನು ಹಾಕಿಸಿಕೊಳ್ಳಿ, ಲೈಸೆನ್ಸ್ ಇರುವವರ ಕೈಯಲ್ಲೇ ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಅಂತಲೂ ಜೊತೆಗೇ ನೋಡಿಸಿ. ಅದರ ಮೇಲೆ 'ಟಿ' ಅಂತ ಒಂದು ಬಟನ್ ಇರುತ್ತದೆ, ಆಗಾಗ ಒತ್ತಿ ಅದು ಬೀಳುತ್ತದೆಯೇ ಪರೀಕ್ಷಿಸಬೇಕು.

ಇನ್ನು ಸೋರಿಕೆ. ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಬಂದರು. ಬಂದವರೇ ಒಡೆಯಲು ಹೋಗಲಿಲ್ಲ. ಎರಡು ದಿನ ಬಚ್ಚಲು ಬಳಸಬೇಡಿ, ಆದರೆ ಪೈಪಿನಲ್ಲಿ ನೀರು ಹಾಗೇ ಇರಲಿ ಅಂದರು. ಬಳಸದೆ ಬಿಟ್ಟರೂ ಒಂದೇ ಸಮ ತೊಟ್ಟಿಕ್ಕಿದರೆ ನಲ್ಲಿ ಪೈಪಿನ ಜಾಯಿಂಟು, ನಿಧಾನವಾಗುತ್ತಾ ಬಂದರೆ ನೆಲ ಅಥವಾ ನೀರು ಹೋಗುವ ಕಡೆ. ನಮ್ಮಲ್ಲಿ ನಿಧಾನವಾಯಿತು. ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕಲಸಿ ಬಚ್ಚಲಿನ ಮೂಲೆಗೆ ಸುರಿದರು. ಮೂರನೇ ದಿನ ಕೆಳಗಿಟ್ಟ ಬಿಳಿ ಮಗ್ಗಿನಲ್ಲಿ ತಿಳಿ ನೀಲಿ ಹನಿ ಬಿದ್ದಿತ್ತು. 'ಟೈಲ್ಸು ನೀರ ತಡೆಯಾಕಿಲ್ಲ ಸಾ, ತಡೆಯೋದು ಅದರ ಕೆಳಗಿರೋದು' ಅಂದರು.

ಪೂರ್ತಿ ಒಡೆದೆವು. ತೊಟ್ಟಿಯಿಂದ ತೆಗೆದ ಇಟ್ಟಿಗೆ ಚೂರು ಕೆಸರಾಗಿತ್ತು, ಕೊಳೆತ ವಾಸನೆ. ಕೆಳಗಿನ ಸೂರಿನ ಪ್ಲಾಸ್ಟರ್ ಉದುರಿಸಿದಾಗ ಒಂದು ಕಂಬಿ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಇನ್ನೆರಡು ವರ್ಷ ಬಿಟ್ಟಿದ್ದರೆ ಸ್ಲ್ಯಾಬಿಗೇ ಕೈ ಹಾಕಬೇಕಿತ್ತು. ಕೂಲಿ ಉಳಿಸಲು ಹೋದ ನನಗೆ ಎಲ್ಲ ಸೇರಿ 1 ಲಕ್ಷ 14 ಸಾವಿರ ಆಯಿತು, ವೈರಿಂಗ್ ಬೇರೆ.

ಮೇಸ್ತ್ರಿ ಮಾಡಿದ ಕ್ರಮ ಹೇಳುತ್ತೇನೆ. ತೊಟ್ಟಿಯ ತಳ ತೊಳೆದು, ಮೂಲೆಗಳಿಗೆಲ್ಲ ಗಾರೆಯನ್ನು ಓರೆಯಾಗಿ ತುಂಬಿ ಚೂಪು ಮೂಲೆ ಇಲ್ಲದಂತೆ ಉರುಟು ಮಾಡಿದರು. ನೆಲ ನೆನೆದಿರಬೇಕು, ನೀರು ನಿಂತಿರಬಾರದು, ಆ ಹದದಲ್ಲಿ ಮೊದಲ ಕೋಟು. ಮೂಲೆಗೆ ಬಲೆ ಅಂಟಿಸಿ, ಒಣಗಿದ ಮೇಲೆ ಅಡ್ಡ ದಿಕ್ಕಿಗೆ ಎರಡನೇ ಕೋಟು, ಗೋಡೆಯ ಮೇಲೂ ಒಂದಡಿ. ನಾಲ್ಕು ದಿನ ಯಾರೂ ಕಾಲಿಡುವ ಹಾಗಿರಲಿಲ್ಲ. ತುಂಬಿದ ಮೇಲೆ ಮೇಲಿನ ಕಾಂಕ್ರೀಟಿಗೂ ಇದೇ ಪೂರ್ತಿ ಕೆಲಸ ಇನ್ನೊಂದು ಸಲ. ವಾಟ, ಅಂದರೆ ನೀರು ಹರಿದು ಹೋಗಲು ನೆಲಕ್ಕೆ ಕೊಡುವ ಇಳಿಜಾರು, ಮೀಟರಿಗೆ ಒಂದು ಸೆಂಟಿಮೀಟರ್‌ಗಿಂತ ಕಡಿಮೆ ಬೇಡ ಅಂದರು, ಒಂದು ಗೋಲಿ ಬಿಟ್ಟು ಅದು ತೂಬಿನ ಕಡೆಗೇ ಉರುಳುತ್ತದೆಯೇ ನೋಡಿದರು. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ನಾನು ಆಸಿಡ್ ಸುರಿದಿದ್ದೆ, ಅದು ಸಂದಿಯ ಸಿಮೆಂಟನ್ನೂ ತಿಂದಿತ್ತು. ಅದನ್ನಂತೂ ಮಾಡಲೇಬೇಡಿ.

ಮುಖ್ಯವಾದದ್ದು ನೀರು ನಿಲ್ಲಿಸುವ ಪರೀಕ್ಷೆ. ತೊಟ್ಟಿಯಲ್ಲಿ ಒಮ್ಮೆ, ಮೇಲೆ ಇನ್ನೊಮ್ಮೆ ಮಾಡಬೇಕು. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಬಾಯಿಗೆ ಬಿರಡೆ ಬಿಗಿದು, ಎರಡು ಇಂಚು ನೀರು ನಿಲ್ಲಿಸಿ, ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದರು. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಿದರು. ಆವಿಯಾಗಿ ಇಳಿದಿದ್ದು ಎಷ್ಟು, ಸೋರಿ ಇಳಿದಿದ್ದು ಎಷ್ಟು ಅಂತ ಆ ಬಕೆಟ್ ಹೇಳುತ್ತದೆ. 48 ಗಂಟೆ ಕಾಯಬೇಕು.

ತೊಟ್ಟಿಯ ಪರೀಕ್ಷೆ ಸರಿಹೋಯಿತು. ಮೇಲಿನದು ಮೊದಲ ಸಲ ಸರಿಬರಲಿಲ್ಲ. ಬಕೆಟ್‌ನಲ್ಲಿ ನೀರು ಗೆರೆಯ ಹತ್ತಿರವೇ ಇತ್ತು, ನೆಲದಲ್ಲಿ ಅರ್ಧ ಇಂಚು ಇಳಿದಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಕೈ ಅವರದ್ದು, ಆದರೂ ಇಳಿದಿತ್ತು. ಅವರು ಒಂದು ಮಾತೂ ಆಡದೆ ನೀರು ಖಾಲಿ ಮಾಡಿ, ಟ್ರ್ಯಾಪ್ ಸುತ್ತ ಬೆರಳಾಡಿಸಿ ಕೂದಲೆಳೆಯಷ್ಟು ಸಂದು ಹುಡುಕಿದರು, ಕೆತ್ತಿ, ತುಂಬಿ, ಮತ್ತೆ ಎರಡು ಕೋಟು ಬಳಿದರು. ನಾಲ್ಕು ದಿನ ಬಿಟ್ಟು ಮತ್ತೆ ನೀರು ನಿಲ್ಲಿಸಿದೆವು. ಎರಡು ರಾತ್ರಿ ಕಳೆದು ಟಾರ್ಚ್ ಹಿಡಿದು ನೋಡಿದರೆ ಗೋಡೆಯ ಗೆರೆಯಲ್ಲೂ ಬಕೆಟ್‌ನ ಗೆರೆಯಲ್ಲೂ ನೀರು ಒಂದೇ ಸಮ ಇತ್ತು. ಟೈಲ್ಸ್ ಡಬ್ಬಿಗಳನ್ನು ಮೇಲಕ್ಕೆ ಹೊತ್ತಿದ್ದು ಆಮೇಲೆ.