ಲೇಔಟ್ ಕಿತ್ತೋದಾಗ ನಾನು ಮೊದ್ಲು ಓಪನ್ ಮಾಡೋದು ಫೈರ್‌ಫಾಕ್ಸ್ ಡೆವಲಪರ್ ಎಡಿಷನ್

ಕ್ರೋಮ್‌ನಲ್ಲಿ ಪೇಜ್ ಸರಿಯಾಗಿದೆ, ಇನ್ನೊಂದು ಬ್ರೌಸರ್‌ನಲ್ಲಿ ಕಿತ್ತೋಗಿದೆ, ಯಾಕೆ ಅಂತ ಹೊಳೀತಿಲ್ಲ. ಈ ಥರದ ತಲೆನೋವಿಗೆ ಕಾಸು ಕೊಡದೆ ಸಿಗೋ ಟೂಲ್‌ಗಳಲ್ಲಿ ಫೈರ್‌ಫಾಕ್ಸ್ ಡೆವಲಪರ್ ಎಡಿಷನ್ನೇ (ವೆಬ್ ಪೇಜ್ ಮಾಡೋರಿಗೆ ಅಂತಾನೇ ಇರೋ ಫೈರ್‌ಫಾಕ್ಸ್ ಬ್ರೌಸರ್) ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ನಾನು ಮಾಡೋದು ಹೆಚ್ಚಾಗಿ ಕನ್ನಡದ ಪೇಜ್‌ಗಳು, ಹಾಗಾಗಿ ಈ ರಿವ್ಯೂನೂ ಆ ಕಡೆಯಿಂದಾನೇ ಇರುತ್ತೆ. ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾದವ್ರು ಇದನ್ನ ಬಿಟ್ಟಿದ್ದು 2014ರ ನವೆಂಬರ್‌ನಲ್ಲಿ. ಈಗ ಬೀಟಾ (ಪೂರ್ತಿ ಬಿಡೋ ಮುಂಚಿನ ಪರೀಕ್ಷೆಯ) ವರ್ಷನ್ ಮೇಲೆ ಬರುತ್ತೆ, ತನ್ನದೇ ಪ್ರೊಫೈಲ್ ಇಟ್ಕೊಳ್ಳುತ್ತೆ, ದಿನಾ ಬಳಸೋ ಫೈರ್‌ಫಾಕ್ಸ್‌ನ ಬುಕ್‌ಮಾರ್ಕು ಲಾಗಿನ್ನು ಯಾವುದನ್ನೂ ಮುಟ್ಟಲ್ಲ. ಇದು ಬೇಡ ಅನ್ನೋರು ಮಾಮೂಲಿ ಫೈರ್‌ಫಾಕ್ಸ್‌ನಲ್ಲೇ ಎಫ್12 ಒತ್ತಿ ಡೆವಲಪರ್ ಟೂಲ್ಸ್ ತೆಗೀರಿ, ನಾನಿಲ್ಲಿ ಹೇಳೋದೆಲ್ಲ ಅಲ್ಲೂ ಸಿಗುತ್ತೆ.

ನನಗೆ ಇದು ಹಿಡಿಸಿದ್ದಕ್ಕೆ ದೊಡ್ಡ ಕಾರಣ ಅಂದ್ರೆ ಕೆಲಸ ಮಾಡದ ಸಿಎಸ್‌ಎಸ್ (ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಕೋಡ್) ಸಾಲನ್ನ ಇದು ಬೂದು ಬಣ್ಣ ಮಾಡಿ ಪಕ್ಕದಲ್ಲೊಂದು ಸಣ್ಣ ಐಕಾನ್ ಇಡುತ್ತೆ, ಮೌಸ್ ಅಲ್ಲಿಗೆ ಒಯ್ದ್ರೆ ಯಾಕೆ ಕೆಲಸ ಮಾಡ್ತಿಲ್ಲ, ಏನು ಮಾಡಿದ್ರೆ ಮಾಡುತ್ತೆ ಅಂತಾನೂ ಬರೆದಿರುತ್ತೆ. ಗ್ಯಾಪ್ ಕೊಟ್ಟಿದ್ದೀರಿ, ಆದ್ರೆ ಈ ಎಲಿಮೆಂಟ್ ಫ್ಲೆಕ್ಸೂ ಅಲ್ಲ ಗ್ರಿಡ್ಡೂ ಅಲ್ಲ (ಒಳಗಿರೋದನ್ನ ಸಾಲಾಗಿ ಇಲ್ಲಾ ಚೌಕಳಿಯಾಗಿ ಜೋಡಿಸೋ ಎರಡು ರೀತಿ), ಮೊದ್ಲು ಡಿಸ್‌ಪ್ಲೇ ಸರಿ ಮಾಡಿ ಅನ್ನೋ ಥರ. ಸಾಲಿನ ಒಳಗೇ ಕೂರೋ ಸ್ಪ್ಯಾನ್ ಎಲಿಮೆಂಟ್‌ಗೆ ವಿಡ್ತ್ (ಅಗಲ) ಕೊಟ್ರೂ ಹೀಗೇ ಹೇಳುತ್ತೆ. 2019ರ ಅಕ್ಟೋಬರ್‌ನಲ್ಲಿ ಫೈರ್‌ಫಾಕ್ಸ್ 70ರ ಜೊತೆ ಬಂದ ಫೀಚರ್ ಇದು, ಆಮೇಲೆ ಕ್ರೋಮ್‌ಗೂ ಇಂಥದ್ದು ಬಂತು, ಒಳ್ಳೇದೇ ಆಯ್ತು. ಮೊದ್ಲೆಲ್ಲ ಒಂದೊಂದೇ ಸಾಲು ಆಫ್ ಮಾಡಿ ಆನ್ ಮಾಡಿ ಊಹೆ ಮೇಲೆ ಹುಡುಕ್ತಿದ್ದ ಕೆಲಸ ಈಗ ಓದಿ ತಿಳ್ಕೊಳ್ಳೋ ಕೆಲಸ ಆಗಿದೆ, ಹೊಸದಾಗಿ ಕಲಿಯೋರಿಗಂತೂ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ.

ಫ್ಲೆಕ್ಸ್‌ಬಾಕ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕನ್ನಡದಲ್ಲಿ ಈ ಪ್ರಾಬ್ಲಂ ಜಾಸ್ತಿ. ನಮ್ಮಲ್ಲಿ ಪದಗಳು ಅಂಟ್ಕೊಂಡು ಉದ್ದ ಆಗ್ತವೆ. "ಅಭಿವೃದ್ಧಿಪಡಿಸಲಾಗುತ್ತಿರುವುದರಿಂದ" ಅನ್ನೋದು ಒಂದೇ ಪದ, ಅದನ್ನ ದಪ್ಪ ಅಕ್ಷರದ ಹೆಡಿಂಗ್ ಮಾಡಿ ಮೊಬೈಲ್ ಅಗಲದ ಕಾರ್ಡ್ ಒಳಗೆ ಹಾಕಿದ್ರೆ ಕಾರ್ಡೇ ಪೇಜ್‌ನಿಂದ ಆಚೆ ಹೋಗುತ್ತೆ. ಫ್ಲೆಕ್ಸ್ ಐಟಂಗೆ ಮಿನ್-ವಿಡ್ತ್ (ಕನಿಷ್ಠ ಅಗಲ) ತಾನಾಗೇ ಆಟೋ ಇರುತ್ತೆ, ಅಂದ್ರೆ ಒಳಗಿನ ಅತಿ ಉದ್ದದ ಪದಕ್ಕಿಂತ ಚಿಕ್ಕದಾಗೋಕೆ ಅದು ಒಪ್ಪಲ್ಲ. ಫೈರ್‌ಫಾಕ್ಸ್‌ನ ಲೇಔಟ್ ಪ್ಯಾನೆಲ್‌ನಲ್ಲಿ ಆ ಐಟಂ ಸೆಲೆಕ್ಟ್ ಮಾಡಿದ್ರೆ ಅದರ ಮೂಲ ಸೈಜ್ ಎಷ್ಟು, ಎಷ್ಟು ಕುಗ್ಗಬೇಕಿತ್ತು, ಯಾವ ಮಿನಿಮಮ್‌ಗೆ ಬಂದು ನಿಂತ್ಕೊಳ್ತು, ಕೊನೆಗೆ ಎಷ್ಟಾಯ್ತು ಅಂತ ಲೆಕ್ಕ ಬಿಡಿಸಿ ತೋರ್ಸುತ್ತೆ, ನೋಡಿದ ತಕ್ಷಣ ಕಾರಣ ಸಿಕ್ಬಿಡುತ್ತೆ. ಪರಿಹಾರ ಮಿನ್-ವಿಡ್ತ್ ಸೊನ್ನೆ ಕೊಟ್ಟು, ಉದ್ದ ಪದವನ್ನ ಎಲ್ಲಿ ಬೇಕಾದ್ರೂ ಮುರಿಯೋಕೆ ಓವರ್‌ಫ್ಲೋ-ರ‍್ಯಾಪ್‌ಗೆ ಎನಿವೇರ್ ಹಾಕೋದು. ಆದ್ರೆ ಈ ಎನಿವೇರ್ ಸಫಾರಿಗೆ ಬಂದಿದ್ದು 2022ರ ಮಾರ್ಚ್‌ನ 15.4ರಲ್ಲಿ, ಅದಕ್ಕಿಂತ ಹಳೇ ಸಫಾರಿ ಇರೋ ಐಫೋನ್ ಇಟ್ಕೊಂಡಿರೋರಿಗೆ ಅದೊಂದೇ ಸಾಲು ಇದ್ರೆ ಸಾಲ್ದು. ಇಂಥದ್ದನ್ನ ಹೇಳೋಕೆ ಅಂತಾನೇ ಕಂಪ್ಯಾಟಿಬಿಲಿಟಿ ಅನ್ನೋ ಟ್ಯಾಬ್ ಇದೆ, ಎಂಡಿಎನ್ (ಮೊಜಿಲ್ಲಾದವ್ರ ವೆಬ್ ಕೈಪಿಡಿ ಸೈಟ್) ಡೇಟಾ ಇಟ್ಕೊಂಡು ಈ ಪ್ರಾಪರ್ಟಿ ಯಾವ ಬ್ರೌಸರ್‌ನಲ್ಲಿ ನಡೆಯಲ್ಲ ಅಂತ ಪಟ್ಟಿ ಕೊಡುತ್ತೆ.

ಇನ್ನು ಫಾಂಟ್ಸ್ ಪ್ಯಾನೆಲ್. ಕನ್ನಡ ಸೈಟ್ ಮಾಡೋರು ಇದನ್ನ ದಯವಿಟ್ಟು ನೋಡಿ. ಬ್ರೌಸರ್ ಪ್ರಾಬ್ಲಂ ಅಂತ ನಮ್ಮ ಹತ್ರ ಬರೋದ್ರಲ್ಲಿ ಎಷ್ಟೋ ನಿಜವಾಗಿ ಫಾಂಟ್ ಪ್ರಾಬ್ಲಂ. ವೆಬ್ ಫಾಂಟ್ ಕೊಡದೆ ಬಿಟ್ರೆ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಬರಬಹುದು, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಒಂದೊಂದರ ಎತ್ತರ ಒಂದೊಂದು ಥರ. ಲೈನ್-ಹೈಟ್ ನಾರ್ಮಲ್ ಅಂತ ಬಿಟ್ಟಿದ್ರೆ ಸಾಲಿನ ಎತ್ತರ ಫಾಂಟ್‌ನಿಂದಾನೇ ಬರುತ್ತೆ, ಹಾಗಾಗಿ ಒಂದೇ ಬ್ರೌಸರ್ ಆಗಿದ್ರೂ ಎರಡು ಕಂಪ್ಯೂಟರ್‌ನಲ್ಲಿ ಬಟನ್ ಎತ್ತರ ಬೇರೆ ಬೇರೆ ಆಗುತ್ತೆ. ಇಂಗ್ಲಿಷ್‌ಗೆ ಅಂತ ಮಾಡಿದ ಥೀಮ್‌ನಲ್ಲಿ ಲೈನ್-ಹೈಟ್ 1.2 ಮತ್ತೆ ಆಚೆ ಚಾಚಿದ್ದನ್ನ ಮುಚ್ಚೋ ಓವರ್‌ಫ್ಲೋ ಹಿಡನ್ ಎರಡೂ ಇದ್ರೆ "ರಾಷ್ಟ್ರ", "ಶಾಸ್ತ್ರ", "ಲಕ್ಷ್ಮಿ" ಅನ್ನೋ ಪದಗಳ ಒತ್ತು ಕೆಳಗಡೆ ಕತ್ತರಿಸಿ ಹೋಗಬಹುದು, ಅಕ್ಷರ ತಪ್ಪಾಗಿ ಓದೋ ಹಾಗಾಗುತ್ತೆ, ನೋಡೋಕೆ ನಿಜವಾಗ್ಲೂ ಬೇಜಾರು. ಫಾಂಟ್ಸ್ ಪ್ಯಾನೆಲ್ ತೆಗೆದ್ರೆ ಸಿಎಸ್‌ಎಸ್‌ನಲ್ಲಿ ಬರೆದಿರೋ ಹೆಸರಲ್ಲ, ಈ ಅಕ್ಷರಗಳಿಗೆ ನಿಜವಾಗಿ ಬಳಸ್ತಿರೋ ಫಾಂಟ್ ಯಾವುದು ಅಂತ ಕಾಣುತ್ತೆ. ನಾನಂತೂ ಕನ್ನಡದ ಪೇಜ್‌ಗೆ ಲೈನ್-ಹೈಟ್ 1.6ಕ್ಕಿಂತ ಕಮ್ಮಿ ಇಡಲ್ಲ, ಫಾಂಟ್ ಕೂಡ ಪೇಜ್ ಜೊತೆನೇ ಕಳಿಸ್ತೀನಿ.

ಅಡ್ಡ ಸ್ಕ್ರಾಲ್ ಬರೋ ಪೇಜ್‌ಗೂ ಇದು ತುಂಬ ಸಹಾಯ. ಸ್ಕ್ರಾಲ್ ಆಗೋ ಎಲಿಮೆಂಟ್ ಪಕ್ಕ ಸ್ಕ್ರಾಲ್ ಅಂತ ಒಂದು ಬ್ಯಾಡ್ಜ್ ಇರುತ್ತೆ, ಅದನ್ನ ಕ್ಲಿಕ್ ಮಾಡಿದ್ರೆ ಆಚೆ ಚಾಚ್ಕೊಂಡಿರೋ ಎಲಿಮೆಂಟ್ ಯಾವುದು ಅಂತ ಎತ್ತಿ ತೋರ್ಸುತ್ತೆ. ಮ್ಯಾಕ್‌ನಲ್ಲಿ ಸ್ಕ್ರಾಲ್‌ಬಾರ್ ಸಾಮಾನ್ಯವಾಗಿ ಪೇಜ್ ಮೇಲೆ ತೇಲುತ್ತೆ, ವಿಂಡೋಸ್‌ನ ಎಷ್ಟೋ ಕಡೆ ಜಾಗ ತಿನ್ನುತ್ತೆ, ಅದಕ್ಕೇ ವಿಡ್ತ್ 100 ವಿಡಬ್ಲ್ಯೂ (ವಿಂಡೋದ ಪೂರ್ತಿ ಅಗಲ) ಕೊಟ್ಟ ಬ್ಯಾನರ್ ಡಿಸೈನರ್ ಹತ್ರ ಸರಿ ಇದ್ದು ಆಫೀಸ್ ಕಂಪ್ಯೂಟರ್‌ನಲ್ಲಿ ಅಡ್ಡ ಓಡಾಡುತ್ತೆ. 100 ಪರ್ಸೆಂಟ್ ಅಂತ ಬದಲಾಯಿಸಿದ್ರೆ ಹೆಚ್ಚಿನ ಕಡೆ ಮುಗೀತು.

ಈಗ ಇದರಿಂದ ಆಗದ ಕೆಲಸ. ಫೋನ್ ಸೈಜ್‌ನಲ್ಲಿ ತೋರ್ಸೋ ರೆಸ್ಪಾನ್ಸಿವ್ ಮೋಡ್‌ನಲ್ಲಿ ಐಫೋನ್ ಅಂತ ಆರಿಸಿದ್ರೂ ಒಳಗೆ ಪೇಜ್ ಬಿಡಿಸೋ ಎಂಜಿನ್ ಫೈರ್‌ಫಾಕ್ಸ್‌ನ ಗೆಕ್ಕೋನೇ, ಬದಲಾಗೋದು ಸ್ಕ್ರೀನ್ ಅಳತೆ, ಬ್ರೌಸರ್ ಹೇಳ್ಕೊಳ್ಳೋ ಹೆಸರು, ಇಂಥವು ಮಾತ್ರ. ಕ್ರೋಮ್‌ನ ಡಿವೈಸ್ ಮೋಡ್ ಕೂಡ ಇದೇ ಕಥೆ. ನಮ್ಮ ದೇಶದಲ್ಲಿ ಐಫೋನ್‌ನ ಕ್ರೋಮ್ ಕೂಡ ಒಳಗಿಂದ ಸಫಾರಿಯ ಎಂಜಿನ್ ಆದ ವೆಬ್‌ಕಿಟ್ಟೇ, ಅದಕ್ಕೇ "ಐಫೋನ್ ಕ್ರೋಮ್‌ನಲ್ಲಿ ಬರ್ತಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ನೋಡ್ಬೇಕಾದ್ದು ಸಫಾರಿ ಕಡೆ. ಹೈಟ್ 100 ವಿಎಚ್ (ಸ್ಕ್ರೀನ್‌ನ ಪೂರ್ತಿ ಎತ್ತರ) ಕೊಟ್ಟ ಪೇಜ್‌ನ ಕೆಳಗಿನ ಬಟನ್ ಸಫಾರಿಯ ಟೂಲ್‌ಬಾರ್ ಹಿಂದೆ ಮುಚ್ಚಿಹೋಗೋದು, 16 ಪಿಕ್ಸೆಲ್‌ಗಿಂತ ಚಿಕ್ಕ ಅಕ್ಷರದ ಫಾರಂ ಮುಟ್ಟಿದ ಕೂಡ್ಲೇ ಪೇಜ್ ಜೂಮ್ ಆಗೋದು, ಇವೆರಡೂ ರೆಸ್ಪಾನ್ಸಿವ್ ಮೋಡ್‌ನಲ್ಲಿ ಯಾವತ್ತೂ ಕಾಣಲ್ಲ. ಮೊದಲನೇದಕ್ಕೆ ಟೂಲ್‌ಬಾರ್ ಬಿಟ್ಟು ಉಳಿದ ಎತ್ತರ ಲೆಕ್ಕ ಹಾಕೋ ಡಿವಿಎಚ್ ಅನ್ನೋ ಅಳತೆ ಇದೆ, 2022ರ ಒಳಗೆ ಮೂರೂ ದೊಡ್ಡ ಬ್ರೌಸರ್‌ಗೆ ಬಂದಿದೆ, ಹಳೇ ಫೋನ್‌ಗೋಸ್ಕರ ಮೇಲಿನ ಸಾಲಲ್ಲಿ ವಿಎಚ್ ಇಟ್ಟು ಕೆಳಗಿನ ಸಾಲಲ್ಲಿ ಡಿವಿಎಚ್ ಹಾಕಿದ್ರೆ ಸಾಕು.

ಮ್ಯಾಕ್ ಇದ್ರೆ ಐಫೋನ್‌ಗೆ ಕೇಬಲ್ ಹಾಕಿ ಸಫಾರಿಯ ವೆಬ್ ಇನ್‌ಸ್ಪೆಕ್ಟರ್ ಬಳಸಿ, ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಮ್ಯಾಕ್ ಇಲ್ಲದಿರೋರು ಮೈಕ್ರೋಸಾಫ್ಟ್‌ನ ಪ್ಲೇರೈಟ್ ಅನ್ನೋ ಬ್ರೌಸರ್ ಟೆಸ್ಟಿಂಗ್ ಟೂಲ್ ಇನ್‌ಸ್ಟಾಲ್ ಮಾಡಿದ್ರೆ ವಿಂಡೋಸ್‌ನಲ್ಲೇ ವೆಬ್‌ಕಿಟ್ ಓಡುತ್ತೆ, ಲಿನಕ್ಸ್‌ನಲ್ಲಿ ಗ್ನೋಮ್ ವೆಬ್ ಅನ್ನೋ ವೆಬ್‌ಕಿಟ್ ಬ್ರೌಸರ್ ಇದೆ. ಗ್ರಿಡ್ಡು ಫ್ಲೆಕ್ಸು ಹೇಗೆ ಕೂರುತ್ತೆ ಅಂತ ಇವುಗಳಲ್ಲಿ ಚೆನ್ನಾಗೇ ಗೊತ್ತಾಗುತ್ತೆ, ಕೀಬೋರ್ಡ್ ಮೇಲೆ ಬಂದಾಗ ಏನಾಗುತ್ತೆ ಅನ್ನೋದಕ್ಕೆ ಮಾತ್ರ ನಿಜವಾದ ಫೋನೇ ಬೇಕು, ಮನೇಲಿ ಯಾರದ್ದಾದ್ರೂ ಒಂದು ತಗೊಂಡು ನೋಡಿ. ಆಂಡ್ರಾಯ್ಡ್‌ಗೆ ಈ ಕಷ್ಟ ಇಲ್ಲ, ಫೋನ್‌ನಲ್ಲಿ ಫೈರ್‌ಫಾಕ್ಸ್ ಹಾಕಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದ್ರೆ ಫೋನ್‌ನ ಪೇಜ್ ಕಂಪ್ಯೂಟರ್‌ನಲ್ಲೇ ತಿದ್ದಬಹುದು.

ಕಂಪ್ಯಾಟಿಬಿಲಿಟಿ ಟ್ಯಾಬ್ ಬಗ್ಗೆ ಒಂದು ತಕರಾರಿದೆ, ಲೇಔಟ್‌ಗೆ ಏನೂ ಆಗದ ಸಣ್ಣಪುಟ್ಟ ಸಾಲುಗಳನ್ನೂ ದೊಡ್ಡ ತೊಂದರೆ ಜೊತೆ ಒಂದೇ ಪಟ್ಟೀಲಿ ಸುರಿಯುತ್ತೆ, ಹೊಸಬರು ಗಾಬರಿ ಆಗ್ತಾರೆ. ಅದರ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಓದುಗರು ಬಳಸೋ ಬ್ರೌಸರ್‌ಗಳನ್ನ ಮಾತ್ರ ಟಿಕ್ ಮಾಡಿಟ್ರೆ ಪಟ್ಟಿ ತುಂಬ ಕಮ್ಮಿ ಆಗುತ್ತೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ, ಅರ್ಧ ಕಮ್ಮಿ ಮಾಡಿದ್ದು ಈ ಪಟ್ಟಿಗೇ.